ನಾಲ್ಕನೆಯ ತೇಪೆ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮಣ್ಣ ಅತ್ತಿಗೆಯ ತಲೆಯಿಂದ ಒಂದು ಹಿಡಿ ಕೂದಲು ಕಿತ್ತ. ಅವಳು ಮಾಡಿದ ತಪ್ಪು ಇಷ್ಟೆ: ಅವನು ಆಗಷ್ಟೇ ಮುಗಿಸಿದ್ದ ವಿಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಸ್ವಲ್ಪ ಕೆಂಪು ಹೊಡೀತಿದೆ ಅಲ್ವಾ?" ಎಂದು ಕೇಳಿದಳು. ಅಣ್ಣ ಸ್ಟೂಲಿನಿಂದ ಎದ್ದು ಬಂದು ಅವಳ ಜಡೆಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡ. ಕಿಟಕಿಯಿಂದ ಹಿಂದಿನ ಗೋಡೆಯವರೆಗೆ ಎಳೆದುಕೊಂಡು ಹೋದ. "ಎಲ್ಲಿ ಕೆಂಪು? ತೋರ್ಸು, ಎಲ್ಲಿ ಕೆಂಪು?" ಕೇಳಿದ ಪ್ರತಿ ಸಲವೂ ಅವಳ ತಲೆಯನ್ನು ಗೋಡೆಗೆ ಗುದ್ದಿದ. ಅವಳು ಜಾರಿ ಬಿದ್ದಳು, ಅವನು ಕೈ ಬಿಡಲಿಲ್ಲ. ಎಡಗಿವಿಯ ಮೇಲೆ ಕೂದಲು ಚರ್ಮಸಮೇತ ಕಿತ್ತು ಬಂತು. ಹಳೆಯ ಸೀರೆ ಹರಿದ ಹಾಗೆ ಸದ್ದಾಯಿತು.

ನಾನು ಮೂರು ಮಾರು ದೂರದಲ್ಲಿ ಕೈಯಲ್ಲಿ ಕೊಕ್ಕೆಸೂಜಿ ಹಿಡಿದು ಕೂತಿದ್ದೆ. ಏಳಲಿಲ್ಲ. ಎರಡು ವರ್ಷದ ಹಿಂದೆ, ಮೊದಲ ಸಲ ಅವನು ಹೀಗೆ ಮಾಡಿದಾಗ, ಎದ್ದು ಅಡ್ಡ ಹೋಗಿದ್ದೆ. ಆಗ ನನ್ನ ಮುಂದಿನ ಎರಡು ಹಲ್ಲು ಹೋದವು. ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು ನಗುತ್ತೇನೆ, ಬಾಯಿ ಮುಚ್ಚಿಕೊಂಡೇ ಬದುಕುತ್ತೇನೆ.

ಅಮ್ಮ ಒಳಗಿನಿಂದ ಓಡಿ ಬಂದಳು. ಅವಳ ಕೈಯಲ್ಲಿ ನೀರಿರಲಿಲ್ಲ, ಪೊರಕೆ ಇತ್ತು. ಮೊದಲು ನೆಲದ ಮೇಲಿನ ಕೂದಲನ್ನು ಗುಡಿಸಿ ಒಲೆಗೆ ಹಾಕಿದಳು, ಆಮೇಲೆ ಸೊಸೆಯ ಕಡೆ ನೋಡಿದಳು. ಕೂದಲು ಸುಟ್ಟ ನಾತ ಸಂಜೆಯವರೆಗೂ ಮನೆಯಲ್ಲಿ ಸುತ್ತುತ್ತಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ," ಎಂದು ನನಗೇ ಬುದ್ಧಿ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮಣ್ಣನನ್ನು ಹೆಗ್ಗಣ ಅಂದರೆ ಹೆಗ್ಗಣಗಳು ಜಗಳಕ್ಕೆ ಬರುತ್ತವೆ.

ನಮ್ಮದು ವಿಗ್ಗು, ಚೌರಿ, ತೇಪೆ ಕಟ್ಟುವ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಸಂಸಾರ. ಪೂರ್ತಿ ಬೋಳಾದವರಿಗೆ ವಿಗ್ಗು ಕಟ್ಟುವುದು ಸುಲಭ, ಏಕೆಂದರೆ ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಉಳಿದಿರುವುದಿಲ್ಲ. ಕಷ್ಟ ಇರುವುದು ತೇಪೆಯಲ್ಲಿ. ತಲೆಯಲ್ಲಿ ಅಂಗೈ ಅಗಲ ಮಾತ್ರ ಹೋಗಿ ಉಳಿದದ್ದೆಲ್ಲ ಇದ್ದರೆ, ಹೊಸ ಕೂದಲು ಹಳೆಯದರ ಮಗ್ಗುಲಲ್ಲೇ ಮಲಗಬೇಕು. ಕಪ್ಪು ಕೂದಲು ಎಂದು ನೀವು ಕರೆಯುವುದು ಕಪ್ಪಲ್ಲ. ಅದರಲ್ಲಿ ಕಂದು ಇರುತ್ತದೆ, ಬೂದಿ ಇರುತ್ತದೆ, ನೂರಕ್ಕೆ ನಾಲ್ಕೋ ಐದೋ ಬಿಳಿ ಇರುತ್ತದೆ. ಬುಡದ ಬಣ್ಣ ತುದಿಗಿರುವುದಿಲ್ಲ. ಅದಕ್ಕೇ ತಲೆಯ ನಾಲ್ಕು ಕಡೆಯಿಂದ ಮಾದರಿ ಕತ್ತರಿಸಿಕೊಂಡು, ಮೂರು ನಾಲ್ಕು ಕಂತೆಗಳನ್ನು ಮೊಳೆಹಣಿಗೆಯ ಮೇಲೆ ಒಟ್ಟಿಗೆ ಎಳೆದು ಬೆರೆಸುತ್ತೇವೆ. ಮೊಳೆಹಣಿಗೆ ಎಂದರೆ ಹಲಗೆಗೆ ಬಡಿದು ನಿಲ್ಲಿಸಿದ ಬೆರಳುದ್ದದ ಚೂಪು ಮೊಳೆಗಳ ಸಾಲು. ಬೆರೆತ ಕೂದಲನ್ನು ಎಳೆ ಎಳೆಯಾಗಿ ಬಲೆಬಟ್ಟೆಗೆ ಗಂಟು ಹಾಕುವುದು ನನ್ನ ಕೆಲಸ. ಬಣ್ಣ ಆರಿಸುವುದು ಅಣ್ಣನ ಕೆಲಸ.

ಒಂದು ಕಾಲದಲ್ಲಿ ಅವನ ಕಣ್ಣಿಗೆ ಸಾಟಿ ಇರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗಲೇ, "ಏಳನೇ ಪೆಟ್ಟಿಗೆ ಎರಡು ಪಾಲು, ಮೂರನೇದು ಒಂದು ಪಾಲು" ಎನ್ನುತ್ತಿದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯುತ್ತಿತ್ತು. ಆ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ತಾಮ್ರದ ಬಣ್ಣಕ್ಕೂ ಕಡುಗಪ್ಪಿಗೂ ಅವನಿಗೆ ವ್ಯತ್ಯಾಸ ಕಾಣುವುದಿಲ್ಲ. ಡಾಕ್ಟರ ಹತ್ತಿರ ಹೋಗಲೊಲ್ಲ. ಪೆಟ್ಟಿಗೆಯ ಮೇಲಿನ ನಂಬರು ನೋಡಿ ತೆಗೆಯೋ ಮಾರಾಯ ಎಂದರೆ, ನಂಬರು ನೋಡುವವರು ಕಲಿಯುವವರಂತೆ. ಯಾರಾದರೂ ಬಣ್ಣ ತಪ್ಪಿದೆ ಎಂದರೆ ಆ ಸಿಟ್ಟು ಹೋಗಿ ಅತ್ತಿಗೆಯ ತಲೆಯ ಮೇಲೆ ಬೀಳುತ್ತಿತ್ತು. ಗಿರಾಕಿ ಅಂದರೂ ಅವಳಿಗೆ ಏಟು, ಅವಳೇ ಅಂದರೂ ಅವಳಿಗೇ ಏಟು.

ಎರಡು ವರ್ಷದಲ್ಲಿ ಮೂರು ಸಲ ಅವಳ ತಲೆ ಹರಿದಿದ್ದ. ಮೂರು ಸಲವೂ ತಾನೇ ಕೂತು ತೇಪೆಗೆ ಬಣ್ಣ ಆರಿಸಿದ. ಮೂರು ಸಲವೂ ಅವನು ಆರಿಸಿದ್ದು ತಪ್ಪಿತ್ತು. ಅವನು ಊಟಕ್ಕೆ ಹೋದಾಗ ನಾನು ಕಂತೆ ಬದಲಿಸಿ ಸರಿಯಾದದ್ದನ್ನು ಗಂಟು ಹಾಕಿದೆ. ಅವನು ಹಿಗ್ಗಿದ. ಮೂರನೆಯದಂತೂ ಎಷ್ಟು ಚೆನ್ನಾಗಿತ್ತೆಂದರೆ, ಅತ್ತಿಗೆಯ ಸ್ವಂತ ಅಣ್ಣನೇ ಬಂದು ತಂಗಿಯ ತಲೆ ಸವರಿ, ಏನೂ ತಿಳಿಯದೆ ವಾಪಸು ಹೋಗಿದ್ದ.

ಆ ಅಣ್ಣ ಕಲ್ಲುಕುಟಿಗ. ವರ್ಷಕ್ಕೊಮ್ಮೆ ಬರುತ್ತಿದ್ದ. ಅವನ ಅಂಗೈ ನಮ್ಮ ತಟ್ಟೆಗಿಂತ ಅಗಲ. ಬರುವ ವಾರದ ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದ್ದ. ಅಂದರೆ ನಮಗಿದ್ದದ್ದು ಹತ್ತು ದಿನ. ಅಷ್ಟರಲ್ಲಿ ತೇಪೆ ಕೂತರೆ ಇನ್ನೊಂದು ವರ್ಷ ಅತ್ತಿಗೆ ನಮ್ಮಣ್ಣನ ಕೈಗೇ ಉಳಿಯುತ್ತಾಳೆ. ಈ ಸಲ ಹೋದದ್ದು ಅಂಗೈ ಅಗಲ ಚರ್ಮ. ಮುಂದಿನ ಸಲ ಜೀವವೇ ಹೋಗುತ್ತದೆಂದು ನನಗೆ ಖಾತ್ರಿಯಿತ್ತು.

ಮಾರನೆಯ ದಿನ ಅಣ್ಣ ಅವಳನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದ. ಹೆಗಲಿಗೆ ಬಿಳಿ ಬಟ್ಟೆ ಹೊದಿಸಿದ. ಅವನ ಕೈಯಲ್ಲಿ ಕತ್ತರಿ ನೋಡಿದ್ದೇ ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು.

"ಅಲ್ಲಾಡ್ಬೇಡ," ಎಂದ. ದನಿಯಲ್ಲಿ ಪ್ರೀತಿಯೇ ಇತ್ತು, ಹಾಳಾಗಲಿ. "ನೋಡ್ತಿರು, ದೇವರಿಗೂ ಗೊತ್ತಾಗ್ಬಾರ್ದು, ಹಾಗೆ ಮಾಡ್ಕೊಡ್ತೀನಿ."

ನೆತ್ತಿಯಿಂದ, ಕಿವಿಯ ಪಕ್ಕದಿಂದ, ಹಣೆಯಿಂದ, ಕುತ್ತಿಗೆಯಿಂದ ಒಂದೊಂದು ಚಿಟಿಕೆ ಕತ್ತರಿಸಿದ. ಎಳೆಯನ್ನು ತುಟಿಯ ಮೇಲೆ ಎಳೆದು ದಪ್ಪ ನೋಡಿದ. ಒದ್ದೆ ಮಾಡಿ, ಎಷ್ಟು ಬೇಗ ಸುರುಳಿಯಾಗುತ್ತದೆಂದು ಬೆರಳ ಮೇಲೆ ನೋಡಿದ. ಅಲ್ಲಿ ಅವನು ಇಂದಿಗೂ ರಾಜ. ಒರಟು, ನಯ, ಅಲೆ, ಹೊಳಪು, ಒಂದೂ ತಪ್ಪುವುದಿಲ್ಲ. ಆಮೇಲೆ ಕಪಾಟು ತೆರೆದು ಕಂತೆಗಳನ್ನು ಕಣ್ಣಿನ ಹತ್ತಿರ ಹಿಡಿದು ಹಿಡಿದು ನೋಡಿದ. ಆರಿಸಿ ನನ್ನ ಮೇಜಿನ ಮೇಲೆ ಎಸೆದ.

"ಇದೇ. ಪಕ್ಕಾ."

ಅದು ತಾಮ್ರ. ಟ್ಯೂಬ್‌ಲೈಟಿನ ಕೆಳಗೆ ಕಂದುಗಪ್ಪಿನ ಹಾಗೆ ಕೂತಿರುತ್ತದೆ. ಬಿಸಿಲಿಗೆ ಹೋದರೆ ಹೊಸ ಇಟ್ಟಿಗೆ. ನಾನು ತಲೆಯೆತ್ತಿ ಕುರ್ಚಿಯ ಕನ್ನಡಿಯಲ್ಲಿ ಅತ್ತಿಗೆಯನ್ನು ನೋಡಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಅಣ್ಣ ಊಟಕ್ಕೆ ಹೋದ. ನಾನು ಎದ್ದು ಕಪಾಟಿನ ತನಕ ಹೋದೆ, ಸರಿಯಾದ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟೆ. ಅಲ್ಲೇ ನಿಂತುಬಿಟ್ಟೆ. ಬದಲಿಸಿದರೆ ಭಾನುವಾರ ಶಾಂತವಾಗಿ ಕಳೆಯುತ್ತದೆ. ಬದಲಿಸದಿದ್ದರೆ ಕಲ್ಲುಕುಟಿಗ ನೋಡುತ್ತಾನೆ. ಅದಕ್ಕೂ ಮೊದಲು, ಬಣ್ಣ ತಪ್ಪಿದ್ದು ಗೊತ್ತಿದ್ದೂ ನಾನು ಸುಮ್ಮನಿದ್ದೆನೆಂದು ಅಣ್ಣನಿಗೆ ತಿಳಿದುಬಿಟ್ಟರೆ ನನ್ನ ಉಳಿದ ಹಲ್ಲುಗಳ ಕಥೆ ಮುಗಿಯುತ್ತದೆ. ಅಷ್ಟು ಹೊತ್ತು ಹೆದರಿಕೊಂಡು ನಿಂತದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ. ಕೊನೆಗೆ ಬರಿಗೈಲಿ ವಾಪಸು ಬಂದು ಕೂತೆ. ಆರು ದಿನ ತಾಮ್ರವನ್ನೇ ಗಂಟು ಹಾಕಿದೆ.

ಗಾಯ ಇನ್ನೂ ಹಸಿ. ಅದರ ಮೇಲೆ ಅಂಟು ಹಾಕುವಂತಿರಲಿಲ್ಲ. ಸುತ್ತಲಿನ ಕೂದಲಿಗೆ ಆರು ಸಣ್ಣ ಕ್ಲಿಪ್ಪು ಸಿಕ್ಕಿಸಿ ಕೂರಿಸಿದೆ. ಅಣ್ಣ ದೂರ ನಿಂತು ನೋಡಿದ, ಹತ್ತಿರ ಬಂದು ಸವರಿದ, ನನ್ನ ಬೆನ್ನು ತಟ್ಟಿದ. "ಕಣ್ಣು ಅಂದ್ರೆ ಇದು," ಎಂದ. ಅಮ್ಮನಿಗೆ ಬಣ್ಣ ಕಂಡಿತೋ ಇಲ್ಲವೋ, ಅವಳು ಪಾತ್ರೆ ತೊಳೆಯಲು ಹೋದಳು.

ಭಾನುವಾರ ಕಲ್ಲುಕುಟಿಗ ಬಂದ. ಒಳಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಊಟ ಮಾಡಿದ, ಎರಡು ಸಲ ಬಡಿಸಿಕೊಂಡ, ಅಮ್ಮನ ಜೊತೆ ತಮಾಷೆ ಮಾಡಿದ. ತಂಗಿಯ ಮುಖವನ್ನು ನೋಡಿದ, ತಲೆಯನ್ನು ನೋಡಲಿಲ್ಲ. ಹೀಗೇ ಎದ್ದು ಹೋಗಿಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಎದ್ದಳು.

"ಅಣ್ಣಾ, ಮುಂದೆ ಬಾ. ಇಲ್ಲಿ ಸೆಕೆ," ಎಂದು ಅಂಗಡಿಗೆ ನಡೆದಳು.

ಮಧ್ಯಾಹ್ನದ ಬಿಸಿಲು ಬೀದಿ ದಾಟಿ ಅಂಗಡಿಯ ಅರ್ಧಕ್ಕೆ ಬಂದಿತ್ತು. ಅವಳು ಸರಿಯಾಗಿ ಅದರ ನಡುವೆ ಹೋಗಿ, ನಮಗೆಲ್ಲ ಎಡಗಿವಿ ತೋರಿಸಿ ನಿಂತಳು. ಆ ಕಡೆ ತಲೆ ಉರಿಯುತ್ತಿತ್ತು, ಅಷ್ಟು ಕೆಂಪು.

"ಇದೇನೇ ಇದು?" ಕಲ್ಲುಕುಟಿಗ ಬಗ್ಗಿ ನೋಡಿದ. "ಇಲ್ಲಿ ಮಾತ್ರ ಯಾಕೆ ಕೂದ್ಲು ಕೆಂಪಗಿದೆ?"

"ಎಲ್ಲಿ ಕೆಂಪು?" ಎಂದ ನಮ್ಮಣ್ಣ.

ನಿಜವಾಗಿಯೂ ಕೇಳಿದ. ಕುತ್ತಿಗೆ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಕಾಣದ್ದನ್ನು ಹುಡುಕಿದ. ಒಂದು ಕ್ಷಣ ಅಯ್ಯೋ ಪಾಪ ಅನ್ನಿಸಿತು, ಒಂದೇ ಕ್ಷಣ.

"ನಂಗೂ ಕೆಂಪಗೇ ಕಾಣುತ್ತೆ," ಎಂದಳು ಅತ್ತಿಗೆ.

ಅವನ ಮುಖ ಊದಿತು. ಎದುರಿಗೆ ಯಾರಿದ್ದಾರೆ ಎಂಬುದೂ ಮರೆತುಹೋಯಿತು. ರೂಢಿಯಾದ ಕೈ ರೂಢಿಯಾದ ಜಾಗಕ್ಕೆ ಹೋಯಿತು. ಎಡಗಿವಿಯ ಮೇಲೆ ಮುಷ್ಟಿ ಹಾಕಿ ಎಳೆದ. "ಎಲ್ಲಿದೆ ಕೆಂಪು? ತೋರ್ಸೇ!" ಆರು ಕ್ಲಿಪ್ಪುಗಳೂ ಕೂದಲು ಸಮೇತ ಕಿತ್ತು ಬಂದವು. ತೇಪೆ ಅವನ ಮುಷ್ಟಿಯಲ್ಲಿ ಜೋತಾಡಿತು. ಕೆಳಗಿದ್ದದ್ದು ಹಕ್ಕಳೆ ಒಡೆದ ಹಸಿ ಮಾಂಸ. ರಕ್ತ ಕಿವಿಯ ಹಿಂದಿನಿಂದ ಇಳಿದು ರವಿಕೆಯೊಳಗೆ ಹೋಯಿತು.

ಕಲ್ಲುಕುಟಿಗ ಕೂಗಾಡಲಿಲ್ಲ. ನಮ್ಮಣ್ಣನ ಕುತ್ತಿಗೆ ಹಿಡಿದು ಎತ್ತಿ ಕಪಾಟಿಗೆ ಬಡಿದ. ಪೆಟ್ಟಿಗೆಗಳು ಉರುಳಿ, ಇಪ್ಪತ್ತು ಬಣ್ಣದ ಕೂದಲು ನೆಲದ ತುಂಬ ಹರಡಿತು. ಬಿದ್ದವನ ಪಕ್ಕೆಗೆ ಒದ್ದ, ಎತ್ತಿ ಮತ್ತೆ ಒದ್ದ. ಏನೋ ಮುರಿದದ್ದು ನನಗೂ ಕೇಳಿಸಿತು. ಅಣ್ಣ ತೆವಳಿ ಮೇಜು ಹಿಡಿದು ಏಳಲು ನೋಡಿದ. ಕಲ್ಲುಕುಟಿಗ ಆ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದ, ಮೊಳೆಹಣಿಗೆಯ ಮೇಲೆ ಅಂಗಾತ ಇಟ್ಟ, ತನ್ನ ಅಂಗೈಯಿಂದ ಒತ್ತಿದ. ಮೊಳೆಗಳು ಈಚೆ ಬಂದವು. ಕಲ್ಲುಕುಟಿಗನ ಅಂಗೈಗೂ ಚುಚ್ಚಿದವು. ಅವನು ಮಾತ್ರ ಒತ್ತುತ್ತಲೇ ಇದ್ದ.

"ಬಿಡೋ, ಸತ್ತೋಗ್ತಾನೆ ಕಣೋ!" ಅಮ್ಮ ಅವನ ಬೆನ್ನಿಗೆ ಗುದ್ದುತ್ತಿದ್ದಳು. "ಒಂದು ಹಿಡಿ ಕೂದ್ಲಿಗೆ ನನ್ ಮಗನ್ನ ಕೊಲ್ತೀಯಾ?"

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ? ಅಣ್ಣ ಕೂಗಿದ ಪ್ರತಿ ಕೂಗೂ ನನಗೆ ತಂಪಾಗಿ ಕೇಳಿಸಿತು. ನಾಲಗೆ ತಾನಾಗಿಯೇ ಹೋಗಿ ಹಲ್ಲಿಲ್ಲದ ಜಾಗವನ್ನು ಮುಟ್ಟಿ ನೋಡಿತು.

"ಸಾಕು ಬಿಡು ಅಣ್ಣಾ," ಎಂದವಳು ಅತ್ತಿಗೆ. ಅವನು ಬಿಟ್ಟ. ನಮ್ಮಣ್ಣ ಕೂದಲ ರಾಶಿಯ ಮೇಲೆ ಕುಸಿದು, ಕೈಯನ್ನು ಎದೆಗೆ ಅವುಚಿಕೊಂಡು, ಮೂಗು ಬಾಯಿಯಿಂದ ರಕ್ತ ಸುರಿಸುತ್ತ ಮಲಗಿದ.

ಅತ್ತಿಗೆ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದಳು. ನಾನು ಹಿಂದೆಯೇ ಹೋದೆ, ಶುದ್ಧ ಬಟ್ಟೆ ಹರಿದು ಅವಳ ತಲೆಗೆ ಕಟ್ಟಿದೆ. ಒಂದು ಒಳ್ಳೆಯ ಮಾತು ಬೇಕಿತ್ತು ನನಗೆ, ಮಾಡಿದ್ದಕ್ಕೆ.

"ಬಣ್ಣ ತಪ್ಪಿದೆ ಅಂತ ನಂಗೆ ಮೊದಲೇ ಗೊತ್ತಿತ್ತು ಅತ್ತಿಗೆ," ಎಂದೆ. "ಬೇಕಂತಲೇ ಹಾಗೇ ಬಿಟ್ಟೆ."

"ಗೊತ್ತು."

"ಹೇಗೆ ಗೊತ್ತು?"

"ಮೂರು ಸಲ ಬದಲಿಸಿದ್ದನ್ನೂ ನೋಡಿದ್ದೆ." ಅವಳು ಚೀಲದ ಬಾಯಿಗೆ ಗಂಟು ಹಾಕಿದಳು. "ಪ್ರತಿ ಸಲ ನೀನು ತೇಪೆ ಕೂರಿಸಿ ಹೋದ್ಮೇಲೆ ಕನ್ನಡಿ ತಗೊಂಡು ಬಿಸಿಲಿಗೆ ಹೋಗ್ತಿದ್ದೆ. ಈ ಸಲವಾದ್ರೂ ಎಲ್ಲಾದ್ರೂ ಒಂದು ಎಳೆ ತಪ್ಪಿರ್ಲಿ, ಯಾರ ಕಣ್ಣಿಗಾದ್ರೂ ಬೀಳ್ಲಿ ಅಂತ. ಒಂದೂ ತಪ್ಪಿರ್ತಿರ್ಲಿಲ್ಲ. ಅಷ್ಟು ಚೆನ್ನಾಗಿ ಯಾಕೆ ಮಾಡ್ದೆ?"

ಹೆದರಿಕೆ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ಹೆದರಿದವರು ಬಿಳಿ ಎಳೆಗಳನ್ನು ಎಣಿಸಿ ಹಾಕುವುದಿಲ್ಲ, ತುದಿಯ ಬಣ್ಣ ಬೇರೆ ಬುಡದ ಬಣ್ಣ ಬೇರೆ ಎಂದು ಆರಿಸಿ ಕೂರುವುದಿಲ್ಲ. ಮೂರನೆಯ ತೇಪೆಯನ್ನು ಅವಳ ಅಣ್ಣ ಸವರಿ ಏನೂ ತಿಳಿಯದೆ ಹೋದ ದಿನ, ನಾನು ಈ ಕೊಕ್ಕೆ ಹಿಡಿದು ಕೂತು ಹಿಗ್ಗಿದ್ದೆ. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಚೀಲ ಎತ್ತಿಕೊಂಡು, ಗಂಡನನ್ನು ದಾಟಿ, ತನ್ನ ಅಣ್ಣನ ಜೊತೆ ಬೀದಿಗೆ ಇಳಿದಳು.