ಟ್ಯಾಬಿಗೆ ಬಂದ ಜ್ವರ

ಟ್ಯಾಬ್ ಅಪ್‌ಡೇಟ್ ಆಗಲೇಬೇಕೆಂದು ಹಠ ಹಿಡಿದ ದಿನವೇ ನಮ್ಮ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಸಾತನೂರಿನ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ನನ್ನ ಅತ್ತೆ ವೆಂಕಟಲಕ್ಷ್ಮಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ಟ್ಯಾಬ್ ಎಂದರೆ ನನ್ನ ಮಾವ ಸಿದ್ದಯ್ಯನವರ ಬಾಯಿ. ಗಂಟಲಿನ ಆಪರೇಷನ್ನಿನಲ್ಲಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಅದಕ್ಕೆ ಮುಂಚಿನ ವಾರ ಆಸ್ಪತ್ರೆಯವರು ಹೇಳಿದರೆಂದು ಒಂದು ಟ್ಯಾಬ್ ತಂದು, ಮಾವನ ಮಾತುಗಳನ್ನು ಅವರ ದನಿಯಲ್ಲೇ ಅದರೊಳಗೆ ತುಂಬಿಸಿದ್ದೆವು. ಲೋಟದ ಚಿತ್ರ ಒತ್ತಿದರೆ "ಒಸಿ ನೀರು ಕೊಡಿ." ಸೊಪ್ಪಿನ ಚಿತ್ರ ಒತ್ತಿದರೆ "ಸೊಪ್ಪು ಒದ್ದೆ ಐತೆ, ಹಾಕ್ಬ್ಯಾಡಿ." ಅತ್ತೆಯ ಫೋಟೊ ಒತ್ತಿದರೆ "ಲೇ ಎಂಕ್ಟಿ." ಮದುವೆಯಾದಾಗಿನಿಂದ ಮಾವ ಕರೆಯುವುದು ಹಾಗೆಯೇ. ಆ ಕರೆ ಕೇಳದಿದ್ದರೆ ಅತ್ತೆಗೆ ದಿನ ಶುರುವಾದ ಹಾಗೇ ಅಲ್ಲ. ಆಪರೇಷನ್ ಆದಮೇಲೂ ಅದೊಂದು ತಪ್ಪಿರಲಿಲ್ಲ.

ನಾನು ಕನಕಪುರದ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಹಾಗಾಗಿ ಮನೆಯಲ್ಲಿ ಸ್ವಿಚ್ಚು ಕೆಟ್ಟರೂ ನಾನೇ, ಫೋನು ಹಠ ಮಾಡಿದರೂ ನಾನೇ. ದಿನವಿಡೀ ಪರದೆ ನೋಡಿ ಬಂದರೆ ಮನೆಯಲ್ಲೂ ಒಂದು ಪರದೆ ಕಾದಿರುತ್ತದೆ. ಅಪ್‌ಡೇಟನ್ನು ದಿನಾ ನಾಳೆಗೆ ತಳ್ಳುತ್ತಿದ್ದೆ. ಆ ಬೆಳಿಗ್ಗೆ ತಳ್ಳುವ ಗುಂಡಿಯೇ ಮಾಯವಾಗಿತ್ತು. ಆಗಿಹೋಗಲಿ ಎಂದು ಚಾರ್ಜರ್ ಸಿಕ್ಕಿಸಿ, ಮುಗಿಯುವವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಬಸ್ ಹಿಡಿದೆ.

ಅತ್ತೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು ನೋಡಿದರಂತೆ. ಪರದೆ ಬೆಳ್ಳಗಾಗಿದೆ, ಅದರ ಮೇಲೊಂದು ಗೆರೆ ಅಲ್ಲಾಡದೆ ನಿಂತಿದೆ. ಇದೂ ಜ್ವರಕ್ಕೆ ಕೂತಿದೆ ಅಂದುಕೊಂಡರು. ಮಾವನೂ ಹೌದೆಂದು ತಲೆಯಾಡಿಸಿದರಂತೆ. ಜ್ವರಕ್ಕೆ ಕೂತದ್ದಕ್ಕೆ ಯಾರಾದರೂ ಮೇವು ಹಾಕುತ್ತಾರೆಯೇ? ಗೋಡೆಯ ಕಡೆಯಿಂದ ಚಾರ್ಜರ್ ಕಿತ್ತು, ಬೆಳಕು ಬೀಳದ ಹಾಗೆ ಮೇಲೊಂದು ಒಗೆದ ಪಂಚೆ ಹೊದಿಸಿದರು. ಮೊದಲೇ ಸೊರಗಿದ್ದ ಬ್ಯಾಟರಿ ಅಪ್‌ಡೇಟಿನ ಅರ್ಧದಲ್ಲಿ ಕೈಕೊಟ್ಟಿತು. ಸಂಜೆ ನಾನು ಪಂಚೆ ಎತ್ತಿದಾಗ ಪರದೆ ಕಪ್ಪಗಿತ್ತು.

ಕನಕಪುರದ ರಿಪೇರಿ ಅಂಗಡಿಯ ಸುಹೇಲ್, ಎಲ್ಲ ಅಳಿಸಿ ಹೊಸದಾಗಿ ಹಾಕದೆ ಬೇರೆ ದಾರಿಯಿಲ್ಲ ಎಂದ. ನಾನು ಹೆದರಲಿಲ್ಲ. ಕೊಳ್ಳುವಾಗಲೇ ಅಂಗಡಿಯವರು, ಟ್ಯಾಬಿನಲ್ಲಿರುವುದರ ಪ್ರತಿ ಕಾದಿಡುವ ಸೇಫ್ ಲಾಕರ್ ಎಂಬುದನ್ನು ಆನ್ ಮಾಡಿಕೊಟ್ಟಿದ್ದರು. ಟ್ಯಾಬ್ ಬದುಕಿತು. ಲೋಟ, ಸೊಪ್ಪು, ಅತ್ತೆಯ ಫೋಟೊ ಎಲ್ಲ ವಾಪಸು ಬಂದವು. ಮಾವ ಆಸೆಯಿಂದ ಲೋಟ ಒತ್ತಿದರು. "ದಯವಿಟ್ಟು ನೀರನ್ನು ನೀಡಿ" ಎಂದಿತು ಒಂದು ಹುಡುಗಿಯ ದನಿ. ಅತ್ತೆ ಬಾಗಿಲ ಕಡೆ ತಿರುಗಿ, ಯಾರೋ ನೆಂಟರು ಬಂದರೇನೋ ಎಂದು ನೋಡಿದರು.

ಹಳೆಯ ದನಿ ಹುಡುಕಲು ಕೂತೆ. ಮೊದಲು "ನನ್ನ ಧ್ವನಿ" ಎಂದಿದ್ದ ಜಾಗದಲ್ಲಿ ಈಗ "ವಾಯ್ಸ್ ಸ್ಟುಡಿಯೊ" ಇತ್ತು. ಅದರೊಳಗೆ "ನ್ಯಾಚುರಲ್", "ನ್ಯಾಚುರಲ್ ಪ್ರೊ", "ಟ್ರೂ". ನಿಜವಾದದ್ದು ಇದೇ ಇರಬೇಕೆಂದು "ಟ್ರೂ" ಒತ್ತಿದರೆ ಪರದೆಯ ಬಣ್ಣ ಹಳದಿಯಾಯಿತೇ ಹೊರತು ದನಿ ಬದಲಾಗಲಿಲ್ಲ. ಹೆಸರಿಡುವವರು ಒಮ್ಮೆಯಾದರೂ ನಮ್ಮ ಜಗಲಿಯ ಮೇಲೆ ಕೂತು ಇದನ್ನು ಬಳಸಿ ನೋಡಬೇಕು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಸೇಫ್ ಲಾಕರಿನಲ್ಲಿ ಉಳಿಯುವುದು ಫೋಟೊ ಮಾತ್ರವಂತೆ, ದನಿ ಉಳಿಯಬೇಕಾದರೆ ಸೇಫ್ ಲಾಕರ್ ಪ್ಲಸ್ ಆನ್ ಆಗಿರಬೇಕಿತ್ತಂತೆ. ಪಾಪ, ಫೋನಿನಲ್ಲಿದ್ದ ಹುಡುಗಿಯೂ ಬೆಳಗಿನಿಂದ ಅದನ್ನೇ ಒದರಿ ಸುಸ್ತಾಗಿದ್ದಳು. ಬಳಕೆದಾರರು ಸದ್ದಿಲ್ಲದ ಕೋಣೆಯಲ್ಲಿ ಕೂತು ಇನ್ನೊಮ್ಮೆ ಸ್ಪಷ್ಟವಾಗಿ ಮಾತನಾಡಿದರೆ ಸಾಕು ಎಂದಳು.

ಫೋನ್ ಇಟ್ಟೆ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ, ಅಳು ಬಂತು. ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಅವರು, "ಅವ್ರ ದನಿಯ ನಾನೇ ಕಳುದ್ಬುಟ್ನಲ್ಲವ್ವ" ಎಂದರು. ಮಾವ ತಾನೂ ತಲೆಯಾಡಿಸಿದ್ದೆ ಎಂದು ಎದೆ ತಟ್ಟಿ ತೋರಿಸಿದರು. ಅತ್ತೆ ಆ ಕಡೆ ನೋಡಲಿಲ್ಲ.

ನನ್ನ ಗಂಡ ಜಯಕುಮಾರ್ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಅವನ ದನಿ ಸ್ವಲ್ಪ ಅಪ್ಪನ ದನಿಯಂತೆಯೇ. ರಜೆಯ ದಿನ ಕೂರಿಸಿ, ನೀರಿನಿಂದ ಹಿಡಿದು ಎಲ್ಲ ಮಾತುಗಳನ್ನೂ ಅವನಿಂದ ಆಡಿಸಿದೆ. ಅತ್ತೆಯ ಫೋಟೊ ಬಂದಾಗ "ಲೇ" ಎಂದವನು ಅಲ್ಲಿಗೇ ನಿಂತ.

"ಹೆತ್ತವ್ವನ್ನ ಹೆಂಗ್ ಹಂಗನ್ಲಿ ರಮ್ಯಾ?"

ಹಾಗಾದರೆ ಅವ್ವ ಎಂದೇ ಕರೆ ಎಂದೆ. ಮಾವ ಬೇಡವೆಂದು ಜೋರಾಗಿ ಕೈ ಅಲ್ಲಾಡಿಸಿದರು. ಅವರಾದರೂ ಹೆಂಡತಿಯನ್ನು ಅವ್ವ ಎಂದು ಹೇಗೆ ಕರೆದಾರು? ಟ್ಯಾಬಿನ ಹುಡುಗಿಯ ದನಿ ಫೋಟೊದ ಹೆಸರು ಓದಿ ಅತ್ತೆಯನ್ನು "ವೆಂಕಟಲಕ್ಷ್ಮಮ್ಮನವರೇ" ಎನ್ನುವುದೂ ಅವರಿಗೆ ಬೇಡವಾಗಿತ್ತು. ಫೋಟೊ ಉಳಿಸಿ, ಅದೊಂದರ ದನಿ ತೆಗೆದುಹಾಕಿದೆ.

ಜ್ವರ ಬಿಟ್ಟೆದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಮಾವ ಜಗಲಿಯ ಮೇಲೆ ಟ್ಯಾಬ್ ಹಿಡಿದು ಕೂತಿದ್ದರು. ಅತ್ತೆಯ ಫೋಟೊ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಸದ್ದು ಬಾರದೆಂದು ಅವರಿಗೂ ಗೊತ್ತಿತ್ತು. ನನಗೆ ನೋಡಲಾಗಲಿಲ್ಲ. ಚಪ್ಪಲಿ ಬಿಟ್ಟು ಹುಳುಮನೆಯ ಬಾಗಿಲಿಗೆ ಹೋದೆ.

"ಅತ್ತೆ, ಮಾವ ಕರೀತಾವ್ರೆ."

ಅತ್ತೆ ಸೊಪ್ಪು ಹರಡುತ್ತಲೇ ಇದ್ದರು. ತಿರುಗದೆ, "ಏನಂತ ಕರುದ್ರು?" ಎಂದರು.

ಸೊಸೆಯಾದವಳು ಅತ್ತೆಯ ಹೆಸರೆತ್ತುವುದು ನಮ್ಮಲ್ಲಿಲ್ಲ.

"ಲೇ ಎಂಕ್ಟಿ, ಅಂದ್ರು."

ಅತ್ತೆಯ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು.

"ಬಂದೆ ತಡೀರಿ, ಕೈ ತುಂಬ ಸೊಪ್ಪೈತೆ."