ತಮ್ಮನ ಎಣ್ಣೆ

ಗಂಡ ತೀರಿಕೊಂಡ ಮೇಲೆ ಚಳ್ಳಕೆರೆಯ ಆ ಸಣ್ಣ ಎಣ್ಣೆ ಮಿಲ್ಲನ್ನು ಮಂಗಳಗೌರಿ ಒಬ್ಬಳೇ ನಡೆಸುತ್ತಿದ್ದಳು. ದೊಡ್ಡ ಮಿಲ್ಲುಗಳೇ ಬಾಗಿಲು ಹಾಕುತ್ತಿದ್ದ ಕಾಲ. ಪರಶುರಾಂಪುರದ ಕಡೆಯ ರೈತರು ಅವಳ ತೂಕ ನಂಬಿ ಶೇಂಗಾ ತರುತ್ತಿದ್ದುದರಿಂದ ಮಿಲ್ಲು ಉಳಿದಿತ್ತು.

2008ರಲ್ಲಿ ಎಣ್ಣೆ ಬೆಲೆ ಏರಿತು. ವರ್ತಕರು ಇಷ್ಟೇ ದಾಸ್ತಾನು ಇಡಬೇಕೆಂದು ಸರ್ಕಾರ ಮಿತಿ ಹಾಕಿತು. ಅದಾದ ಕೆಲವೇ ದಿನಕ್ಕೆ ತಮ್ಮ ಮುರುಗೇಂದ್ರಪ್ಪ ಬಂದ. ಊರಿನ ದೊಡ್ಡ ಎಣ್ಣೆ ವ್ಯಾಪಾರಿ ಅವನು.

“ಅಕ್ಕಾ, ನಮ್ಮ ಗೋಡೌನು ತುಂಬೈತೆ. ಸ್ವಲ್ಪ ಪೀಪಾಯಿ ನಿನ್ನತ್ರ ಇಟ್ಟಿರ್ತೀನಿ.”

“ಇಡಪ್ಪ. ಕೇಳೋದೇನೈತೆ?”

ಗಂಡನಿಲ್ಲದ ಮನೆಗೆ ಹಬ್ಬಕ್ಕೆ ತಪ್ಪದೆ ಬರುತ್ತಿದ್ದವನು ಅವನೊಬ್ಬನೇ. ಪೀಪಾಯಿ ಯಾಕೆ ಬಂದವೆಂದು ಅವಳು ಯೋಚಿಸಲಿಲ್ಲ.

ಯಾರು ಹೇಳಿದರೋ, ಆಹಾರ ಇಲಾಖೆಯ ಜೀಪು ನೇರವಾಗಿ ಅವಳ ಮಿಲ್ಲಿಗೇ ಬಂತು. ಇನ್ಸ್‌ಪೆಕ್ಟರ್ ನಾಗೇಂದ್ರಪ್ಪ ಗೋಡೌನು ನೋಡಿ, “ಇಷ್ಟೊಂದು ಎಣ್ಣೆ ನಿಮಗೆಲ್ಲಿಂದ ಬಂತಮ್ಮ?” ಎಂದರು.

“ನಂದಲ್ಲ ಸಾರ್. ನನ್ ತಮ್ಮಂದು. ಕರೆಸ್ತೀನಿ, ಅವನೇ ಹೇಳ್ತಾನೆ.”

ಮುರುಗೇಂದ್ರಪ್ಪ ಬಂದ. ಅಕ್ಕನ ಮುಖ ನೋಡಲಿಲ್ಲ. “ಅಕ್ಕನ ವ್ಯವಹಾರ ನಂಗೆ ಗೊತ್ತಿಲ್ಲ ಸಾರ್” ಎಂದ, ಮೆಲ್ಲಗೆ.

ಮೊಳಕಾಲ್ಮೂರು ಕಡೆಯಿಂದ ಬಂದು ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದ ಯರ್ರಮ್ಮ ಮುಂದೆ ಬಂದಳು. “ಸುಳ್ಳು ಸಾರ್. ಇವರ ಲಾರ್ಯಾಗೇ ಬಂದಿದ್ದು, ನಾವೇ ಇಳಿಸಿದ್ದು.”

ನಾಗೇಂದ್ರಪ್ಪನವರಿಗೂ ನಿಜ ಹೊಳೆದಂತಿತ್ತು. ಆದರೂ, “ಯಾರ ಗೋಡೌನಲ್ಲಿ ಸಿಕ್ತೋ ಅವರ ಮೇಲೇ ಕೇಸು. ನಾನೇನ್ ಮಾಡ್ಲಮ್ಮ” ಎಂದು ಮಿಲ್ಲಿನ ಬಾಗಿಲಿಗೇ ಬೀಗ ಹಾಕಿಸಿ ಅರಗಿನ ಮುದ್ರೆ ಒತ್ತಿಸಿದರು. ಅವಳು ಕೊಂಡಿಟ್ಟಿದ್ದ ಶೇಂಗಾ ಮೂಟೆಗಳೂ ಒಳಗೇ ಉಳಿದವು.

ಪೊಲೀಸರು ಅವಳನ್ನು ಕರೆದೊಯ್ದರು. ಜಾಮೀನಿಗೆ ಆಸ್ತಿಯಿದ್ದವರ ಸಹಿ ಬೇಕಿತ್ತು. ಕೇಸೆಂದ ಕೂಡಲೇ ಬಂಧುಗಳೆಲ್ಲ ಹಿಂದೆ ಸರಿದರು. ಕೊನೆಗೆ ಅವಳ ವಕೀಲರು ಮುರುಗೇಂದ್ರಪ್ಪನನ್ನೇ ಕರೆತಂದು ಸಹಿ ಹಾಕಿಸಿದರು.

“ಒಡಹುಟ್ಟಿದೋರು ಅಂದ್ರೆ ಹಿಂಗಿರಬೇಕು ನೋಡ್ರಿ” ಎಂದರು ವಕೀಲರು.

ಹೊರಗೆ ಬಂದ ಮೇಲೆ ತಮ್ಮ ಹೇಳಿದ: “ಇನ್ನು ನನ್ ಹೆಸರು ಎತ್ತಬೇಡ ಅಕ್ಕಾ. ನಾನೂ ಒಳಗೆ ಹೋದ್ರೆ ನಿನ್ನ ನೋಡೋರು ಯಾರು?”

ಕೋರ್ಟಿನಲ್ಲಿ ಅವಳು ಅವನ ಹೆಸರು ಎತ್ತಲಿಲ್ಲ. ಸುಮ್ಮನಿದ್ದುದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕೇಸು ಮುಂದೆ ಮುಂದೆ ಹೋಯಿತು. ಮುರುಗೇಂದ್ರಪ್ಪ ತನ್ನ ಗೋಡೌನಿನ ಎಣ್ಣೆಯನ್ನು ಒಳ್ಳೆಯ ಬೆಲೆಗೆ ಮಾರಿಕೊಂಡ. ಮಳೆಗಾಲದಲ್ಲಿ ಮಿಲ್ಲಿನ ತಗಡು ಸೋರುವುದು ರಸ್ತೆಗೇ ಕೇಳುತ್ತಿತ್ತು. ಮುದ್ರೆ ಮುಟ್ಟುವಂತಿರಲಿಲ್ಲ. ರೈತರು ಬೇರೆ ಕಡೆ ಹೋದರು.

ಮರುವರ್ಷ ಕೋರ್ಟಿನ ಆದೇಶದಂತೆ ಬಾಗಿಲು ತೆಗೆದಾಗ ಶೇಂಗಾ ಬೂಷ್ಟು ಹಿಡಿದು ಗಟ್ಟಿಯಾಗಿತ್ತು. ಎಣ್ಣೆ ಕಮಟು ಹಿಡಿದು ನಾರುತ್ತಿತ್ತು. ಯರ್ರಮ್ಮ ಮೂಟೆಯೊಂದಕ್ಕೆ ಕೈ ಹಾಕಿ, “ಒಂದು ಹಿಡೀನೂ ಉಳಿದಿಲ್ಲಮ್ಮ” ಎಂದಳು.

ಮುರುಗೇಂದ್ರಪ್ಪ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದ. “ಈ ಜಾಗ ನಾನೇ ತಗೊಂತೀನಿ ಅಕ್ಕಾ. ಹೊರಗಿನೋರಿಗೆ ಯಾಕೆ?”

ಬೇರೆ ಯಾರೂ ಕೇಳುವವರಿರಲಿಲ್ಲ. “ತಗೊ” ಎಂದಳು. ಮತ್ತೆ, “ಯರ್ರಮ್ಮಂಗೆ ಎಲ್ಲಾದ್ರೂ ಕೆಲಸ ಕೊಡ್ಸು” ಎಂದಳು.

ಅವನು ಯರ್ರಮ್ಮನನ್ನು ಒಮ್ಮೆ ನೋಡಿದ.

“ಆಕಿಗೆ ಬಾಯಿ ಜಾಸ್ತಿ ಅಕ್ಕಾ” ಎಂದು ಕಾರಿನ ಕಡೆ ನಡೆದ.