ಏಳನೇ ಗೂಡು

ಹಳಿಗೆ ಕಿವಿ ಹಚ್ಚಿ ರೈಲು ಎಲ್ಲಿದೆ ಎಂದು ಹೇಳುವುದರಲ್ಲಿ ಆ ಮಾರ್ಗದುದ್ದಕ್ಕೂ ನನ್ನನ್ನು ಮೀರಿಸುವವರು ಇರಲಿಲ್ಲ. ಜಂಬ ಅನ್ನುವವರು ಅನ್ನಲಿ. ಇಪ್ಪತ್ತೆಂಟು ವರ್ಷ ಹೆಗಲ ಮೇಲೆ ಸುತ್ತಿಗೆ ಹೊತ್ತು, ಸಡಿಲವಾದ ಬೋಲ್ಟು ಬಿಗಿ ಮಾಡುತ್ತಾ, ಬಿರುಕು ಹುಡುಕುತ್ತಾ ದಿನವೂ ಹಳಿಯ ಮೇಲೆ ನಡೆದವಳು ನಾನು. ಸುರಂಗದೊಳಗೆ ಕಾಲಿಡುವ ಮುಂಚೆ ಮಂಡಿಯೂರಿ ಕಿವಿ ಹಚ್ಚುತ್ತಿದ್ದೆ. ರೈಲು ಇನ್ನೂ ಕಣ್ಣಿಗೆ ಬೀಳದಿದ್ದರೂ ಕಬ್ಬಿಣದೊಳಗೆ ಸಣ್ಣಗೆ ಗುಂಯ್ ಅನ್ನುವುದು. ಸದ್ದಿಲ್ಲವೆಂದರೆ ದಾರಿ ಖಾಲಿ. ಒಮ್ಮೆಯೂ ಮೋಸ ಹೋದವಳಲ್ಲ.

ಮಗಳು ಚಿಕ್ಕವಳಿದ್ದಾಗ ಅವಳ ಶಾಲೆ ಸುರಂಗದ ಆಚೆಗಿತ್ತು. ಚೀಲ ಹೆಗಲಿಗೇರಿಸಿಕೊಂಡು ನನ್ನ ಪಕ್ಕ ನಿಲ್ಲುತ್ತಿದ್ದಳು. ನಾನು ಕಿವಿ ಹಚ್ಚಿ ಎದ್ದು "ಹೋಗು" ಅಂದರೆ ಓಡುತ್ತಿದ್ದಳು. ಆಮೇಲೆ ಮಾರ್ಗ ಮುಚ್ಚಿತು, ಒಂಬತ್ತು ವರ್ಷ ಹುಲ್ಲು ಬೆಳೆಯಿತು. ಈಗ ಅದನ್ನು ಜನ ನಡೆದಾಡಲು, ಸೈಕಲ್ ತುಳಿಯಲು ದಾರಿ ಮಾಡುತ್ತಿದ್ದಾರೆ. ಆ ಕೆಲಸದ ಎಂಜಿನಿಯರು ಬೇರಾರೂ ಅಲ್ಲ, ಅದೇ ಚೀಲದ ಹುಡುಗಿ.

ನನಗೂ ಒಂದು ಕೆಲಸ ಕೊಡಿಸಿದ್ದಳು. ಮನೆಯಲ್ಲಿ ಕೂತು ಅವಳ ತಲೆ ತಿನ್ನದಿರಲಿ ಎಂದೇ ಇರಬೇಕು. ಸುರಂಗದ ಮೇಲಿನ ಬಾಯಲ್ಲಿ ನಿಲ್ಲಬೇಕು. ಕಿತ್ತಳೆ ಬಣ್ಣದ ಅಂಗಿ, ಕೆಂಪು ಹಸಿರು ಬಾವುಟ, ಸೊಂಟಕ್ಕೊಂದು ವಾಕಿಟಾಕಿ. ಒಳಗೆ ಯಾರನ್ನೇ ಬಿಡುವ ಮುಂಚೆ ಇಳಿಜಾರಿನ ಮೇಲಿನ ಕ್ಯಾಂಪಿಗೆ "ಗಾಡಿ ಬಿಟ್ಟಿದ್ದೀರಾ?" ಎಂದು ಕೇಳಬೇಕು. ಕಿತ್ತ ಹಳಿ ತುಂಬಿಕೊಂಡು ಟ್ರ್ಯಾಕ್ಟರು ಅಲ್ಲಿಂದಲೇ ಇಳಿದು ಬರುವುದು. ಸಣ್ಣ ರೈಲಿಗೆಂದು ಕೊರೆದ ಸುರಂಗ ಅದು. ಟ್ರ್ಯಾಕ್ಟರು ಒಳಹೊಕ್ಕರೆ ಎರಡು ಕಡೆಯೂ ಒಂದು ಗೇಣು ಉಳಿದರೆ ಹೆಚ್ಚು. ನಡುವೆ ತಿರುವು ಬೇರೆ, ಆಚೆ ಬಾಯಿಯ ಬೆಳಕು ಈಚೆಗೆ ಕಾಣದು.

ಅದಕ್ಕೇ ಹಿಂದಿನವರು ಬಲಗೋಡೆಯಲ್ಲಿ ಆಳು ನಿಲ್ಲುವಷ್ಟು ಹನ್ನೆರಡು ಗೂಡು ಕೊರೆದಿದ್ದರು. ರೈಲು ಬಂದರೆ ಅದರೊಳಗೆ ಸೇರಿಕೊಳ್ಳುವುದು. ನನ್ನ ಮಗಳು ಅವನ್ನೆಲ್ಲ ಇಟ್ಟಿಗೆ ಇಟ್ಟು ಮುಚ್ಚಿಸುತ್ತಿದ್ದಳು. ಒಂದು ತಿಂಗಳಿಂದ ಮನೆಯಲ್ಲಿ ಅದೇ ಜಗಳ.

"ಕುಡುಕರು ಬಂದು ಕೂತ್ಕೋತಾರೆ ಅಮ್ಮ. ಕತ್ತಲಲ್ಲಿ ಹೆಣ್ಮಕ್ಕಳು ಓಡಾಡೋ ಜಾಗ."

"ಕೂತ್ಕೊಂಡ್ರೆ ಎಬ್ಬಿಸಿದ್ರಾಯ್ತು. ಜೀವ ಉಳಿಸೋ ಜಾಗಕ್ಕೆ ಗಾರೆ ಮೆತ್ತಿಸ್ತೀಯಲ್ಲ, ಎಲ್ಲಿ ಕಲಿತೆ ಇದನ್ನ?"

"ಇಲ್ಲಿ ಇನ್ನು ರೈಲು ಬರಲ್ಲ ಕಣಮ್ಮ!"

ಅದು ನಿಜವೇ. ನಿಜವನ್ನು ಎದುರಿಗೇ ಹೇಳಿದವರ ಮೇಲೆ ನನಗೆ ಸಿಟ್ಟು ಇನ್ನೂ ಜಾಸ್ತಿ. ಎರಡು ದಿನ ಮಾತು ಬಿಟ್ಟೆ.

ಆವತ್ತು ಬೆಳಿಗ್ಗೆ ಅವಳು ಟೇಪು ಹಿಡಿದು ಬಂದಳು. ಉದ್ಘಾಟನೆಗೆ ಎಂಟೇ ದಿನ. ದೀಪ ಎಲ್ಲೆಲ್ಲಿ ಬರಬೇಕೆಂದು ಅಳತೆ ಹಾಕಬೇಕಿತ್ತು. ಟ್ರ್ಯಾಕ್ಟರು ಬರುವುದು ಮಧ್ಯಾಹ್ನ ಎಂದು ಇಬ್ಬರಿಗೂ ಗೊತ್ತು.

"ಹೋಗ್ಲಾ?" ಎಂದಳು.

ಮಾತು ಬಿಟ್ಟವಳನ್ನು ಅವಳೇ ಮಾತಾಡಿಸಿದ್ದಳು. ಒಳಗೊಳಗೇ ಖುಷಿಯಾಯಿತು. ಆ ಖುಷಿಯಲ್ಲೋ ಏನೋ, ಸೊಂಟದ ವಾಕಿಟಾಕಿ ಕಡೆ ಕೈ ಹೋಗಲೇ ಇಲ್ಲ. ಮೊದಲೇ ನನಗೆ ಆ ಕರಕರ ಅನ್ನುವ ಡಬ್ಬಿ ಕಂಡರಾಗದು. ಮಂಡಿಯೂರಿದೆ, ಹಳಿಗೆ ಕಿವಿ ಹಚ್ಚಿದೆ. ತಣ್ಣಗಿತ್ತು, ನಿಶ್ಶಬ್ದವಾಗಿತ್ತು.

"ಹೋಗು" ಅಂದೆ.

ಹೋದಳು. ಅವಳ ಟಾರ್ಚು ತಿರುವಿನಲ್ಲಿ ಮರೆಯಾಯಿತು. ನಾನು ಮಂಡಿಯ ಮಣ್ಣು ಕೊಡವಿಕೊಳ್ಳುತ್ತಾ ಇಳಿಜಾರಿನ ಕಡೆ ನೋಡಿದೆ. ಹಳಿ ನನ್ನ ಕಾಲಬುಡದಿಂದ ನಲವತ್ತು ಹೆಜ್ಜೆ ದೂರಕ್ಕೆ ಮುಗಿದಿತ್ತು. ಅಲ್ಲಿಂದ ಮೇಲಕ್ಕೆ ಬರೀ ಜಲ್ಲಿ. ಸುರಂಗದೊಳಗಿನ ಹಳಿಯನ್ನೂ ಬಾಯಿಯ ಮುಂದಿನ ಈ ತುಂಡನ್ನೂ ಅಷ್ಟೇ ನೆನಪಿಗೆಂದು ಉಳಿಸಿ, ಮೇಲಿನದನ್ನೆಲ್ಲ ಹದಿನೈದು ದಿನದ ಹಿಂದೆಯೇ ಕಿತ್ತಾಗಿತ್ತು. ಕೀಳುವಾಗ ನಾನೇ ನಿಂತು ನೋಡಿದ್ದೆ, ಕಣ್ಣೀರೂ ಹಾಕಿದ್ದೆ. ನಲವತ್ತು ಹೆಜ್ಜೆಯ ಕಬ್ಬಿಣ ನನಗೆ ಏನು ಹೇಳೀತು? ಅದೂ ರಬ್ಬರ್ ಗಾಲಿಯ ಗಾಡಿಯ ಬಗ್ಗೆ?

ವಾಕಿಟಾಕಿ ಕಿತ್ತು ಬಾಯಿಗೆ ಹಿಡಿದೆ. "ಗಾಡಿ ಬಿಟ್ಟಿದ್ದೀರಾ?"

"ಆಗಲೇ ಬಿಟ್ವಲ್ಲಕ್ಕ. ಮಧ್ಯಾಹ್ನ ಏನೋ ಕೆಲ್ಸ ಇದೆ ಅಂತ ನ್ಯೂಟ್ರಲ್ ಬೇಗ ಹೊರಟ."

ನ್ಯೂಟ್ರಲ್ ಎಂದರೆ ಟ್ರ್ಯಾಕ್ಟರು ಓಡಿಸುವವನು. ಡೀಸೆಲ್ ಉಳಿಸುತ್ತೇನೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಗಾಡಿಯನ್ನು ಸುಮ್ಮನೆ ಉರುಳಲು ಬಿಡುವ ಚಾಳಿಗೆ ಬಂದ ಹೆಸರು. ಎಲ್ಲರೂ ನಗುತ್ತಾ ಹಾಗೆ ಕರೆಯುತ್ತಿದ್ದೆವು, ನಾನೂ.

ಹಳಿಗಳು ಒಂದಕ್ಕೊಂದು ಬಡಿಯುವ ಸದ್ದು ಮೊದಲು ಬಂತು. ಆಮೇಲೆ ಬಂಡೆಯ ಮಗ್ಗುಲಿಂದ ಗಾಡಿ ಕಂಡಿತು. ಎಂದೂ ಇಲ್ಲದ ವೇಗದಲ್ಲಿ ಬರುತ್ತಿತ್ತು. ಕೆಂಪು ಬಾವುಟ ಎರಡೂ ಕೈಯಲ್ಲಿ ಬೀಸಿದೆ. ಅವನು ಬ್ರೇಕಿನ ಮೇಲೆ ಎದ್ದು ನಿಂತಿದ್ದ.

"ಹಿಡೀತಿಲ್ಲಕ್ಕಾ! ಸರೀರಿ, ಬ್ರೇಕ್ ಹಿಡೀತಿಲ್ಲ!"

ಒಳಗೆ ಓಡಿದರೆ ನನ್ನನ್ನೂ ಅರೆದುಕೊಂಡು ಹೋಗುತ್ತಿತ್ತು, ಅವಳೂ ಉಳಿಯುತ್ತಿರಲಿಲ್ಲ. ಕೂಗುವುದೊಂದೇ ಉಳಿದದ್ದು. ಆದರೆ ಏನೆಂದು ಕೂಗಲಿ? ಗೂಡಿಗೆ ಹೋಗು ಅಂದರೆ ಯಾವ ಗೂಡಿಗೆ? ಗಾರೆಯವನು ಎರಡು ತುದಿಯಿಂದಲೂ ಮುಚ್ಚುತ್ತಾ ಬಂದಿದ್ದ. ಹಿಂದಿನ ಸಂಜೆ ಸಿಮೆಂಟು ಮುಗಿದದ್ದರಿಂದ ಒಂದೇ ಒಂದು ಬಾಕಿ ಇತ್ತು. ಬೆಳಿಗ್ಗೆ ನನ್ನ ಊಟದ ಡಬ್ಬಿಯನ್ನು ಅದರಲ್ಲೇ ಇಟ್ಟು ಬಂದಿದ್ದೆ.

ಸುರಂಗದ ಬಾಯಿಗೆ ಮುಖವಿಟ್ಟು ಕಿರುಚಿದೆ. "ಏಳನೇ ಗೂಡು! ಏಳು! ಏಳು!"

ಬಾಯಿಯ ಹೊರಗಿನ ಗೋಡೆಗೆ ಹಾರಿ ಬಿದ್ದೆ. ಗಾಡಿ ಪಕ್ಕದಲ್ಲೇ ಒಳಗೆ ನುಗ್ಗಿತು. ಆಮೇಲೆ ಕೇಳಿದ್ದು ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು, ತುಂಬಾ ಹೊತ್ತು. ಕೊನೆಗೆ ಆ ತುದಿಯಲ್ಲಿ ದೊಡ್ಡದೊಂದು ಧಡಾರ್. ನಡುವೆ ಮನುಷ್ಯರ ಕೂಗು ಕೇಳಿತೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ಓಡಿದೆ. ಕೈಯಲ್ಲಿ ಟಾರ್ಚೂ ಇಲ್ಲ. ಬಲಗೋಡೆ ಸವರುತ್ತಾ ಓಡಿದೆ. ಹೊಸ ಗಾರೆ ಕೈಗೆ ಸಿಕ್ಕಾಗೆಲ್ಲ ಎಣಿಸಿದೆ. ಒಂದು, ಎರಡು, ಮೂರು. ಮುಂದಿನದು ನಾಲ್ಕೋ ಐದೋ? ಇಪ್ಪತ್ತೆಂಟು ವರ್ಷ ಎಣಿಸಿದ ಗೂಡುಗಳು, ಆವತ್ತು ಲೆಕ್ಕ ತಪ್ಪಿತು. ಹಿಂದಕ್ಕೆ ಹೋಗಲೋ ಮುಂದಕ್ಕೆ ಹೋಗಲೋ ತಿಳಿಯದೆ ನಿಂತುಬಿಟ್ಟೆ. "ಮಗಳೇ" ಎಂದೆ.

ಕತ್ತಲಿಂದ ಒಂದು ಕೈ ಬಂದು ನನ್ನ ತೋಳು ಹಿಡಿಯಿತು.

ಅವಳು ಗೂಡಿನೊಳಗೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕಾಲಿಗೆ ತಾಗಿದ ನನ್ನ ಊಟದ ಡಬ್ಬಿ ಅವಳ ತುಳಿತಕ್ಕೆ ಅಪ್ಪಚ್ಚಿಯಾಗಿತ್ತು. ತಲೆ, ಮುಖ, ಭುಜ, ಎಲ್ಲ ಮುಟ್ಟಿ ನೋಡಿದೆ. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅಷ್ಟೇ. ಗಟ್ಟಿಯಾಗಿ ತಬ್ಬಿಕೊಂಡು ಅತ್ತೆ. ಹಲ್ಲು ಕಚ್ಚಿಕೊಂಡು ಬದುಕಿದವಳು ನಾನು, ನಾಚಿಕೆ ಬಿಟ್ಟು ಅತ್ತೆ.

ಕೆಳಗಿನ ಬಾಯಿಗೆ ಇಬ್ಬರೂ ನಡೆದು ಹೋದೆವು. ಟ್ರ್ಯಾಕ್ಟರು ಮರಳಿನ ರಾಶಿಗೆ ಮೂತಿ ತೂರಿ ನಿಂತಿತ್ತು. ನ್ಯೂಟ್ರಲ್ ಮುರಿದ ಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಬೈಯಬೇಕೆಂದು ಬಾಯಿ ತೆರೆದೆ. ಯಾವ ಬಾಯಲ್ಲಿ ಬೈಯಲಿ?

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮಗಳು ನನ್ನ ಕಡೆ ತಿರುಗಿದಳು.

"ಅಮ್ಮ, ಕ್ಯಾಂಪಿಗೆ ಕೇಳಿದ್ಯಾ?"

ಬ್ಯಾಟರಿ ಹೋಗಿತ್ತು ಎಂಬ ಸುಳ್ಳು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

"ಇಲ್ಲ. ಹಳಿಗೆ ಕಿವಿ ಹಚ್ಚಿದೆ."

ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಬಗ್ಗಿದ್ದು ನೋಡ್ದೆ. ಮೇಲಿನ ಹಳಿ ಕೀಳಿಸಿದೋಳೇ ನಾನು. ಎಲ್ಲೀವರೆಗೆ ಕಿತ್ತಿದೆ ಅಂತ ನಿನಗಿಂತ ನನಗೇ ಚೆನ್ನಾಗಿ ಗೊತ್ತು. ಆದ್ರೂ ಹೊರಟೆ."

"ಯಾಕೆ ಹೊರಟೆ?"

"ನೀನು ಹೋಗು ಅಂದ್ಯಲ್ಲಮ್ಮ."

ಗಾರೆಯವನನ್ನು ಕರೆದು ಹನ್ನೊಂದು ಗೂಡಿನ ಇಟ್ಟಿಗೆಯನ್ನೂ ಒಡೆಯಲು ಹೇಳಿದಳು. "ಮೇಡಂ, ನಿನ್ನೆ ತಾನೇ..." ಎಂದು ರಾಗ ಎಳೆದವನು ಅವಳ ಮುಖ ನೋಡಿ ಸುತ್ತಿಗೆ ಎತ್ತಿಕೊಂಡ.

ಸಂಜೆ ಹೊರಡುವ ಹೊತ್ತಿಗೆ ಟೇಪು ಒಳಗೇ ಬಿದ್ದಿರುವುದು ಅವಳಿಗೆ ನೆನಪಾಯಿತು. ಮೇಲಿನ ಬಾಯಿಗೆ ಬಂದಳು. ಬಂದವಳು ನನ್ನ ಪಕ್ಕದಲ್ಲಿ, ಚೀಲ ಹೊತ್ತು ನಿಲ್ಲುತ್ತಿದ್ದ ಅದೇ ಜಾಗದಲ್ಲಿ ನಿಂತಳು. ನನ್ನ ಮುಖ ನೋಡಿದಳು.

ವಾಕಿಟಾಕಿಯಲ್ಲಿ ಕೇಳಿದೆ. ಯಾವ ಗಾಡಿಯೂ ಇಲ್ಲ ಎಂದರು. ಮತ್ತೊಮ್ಮೆ ಕೇಳಿದೆ. "ಇಲ್ಲಕ್ಕ, ಇದ್ದದ್ದೊಂದು ಕೆಳಗೇ ಬಿದ್ದಿದೆಯಲ್ಲ" ಎಂದರು. ದಾರಿ ಖಾಲಿ ಇತ್ತು. ಮಗಳು ಕಾಯುತ್ತಿದ್ದಳು. ಅವಳಿಗೆ "ಹೋಗು" ಅನ್ನಲು ಮಾತ್ರ ನನ್ನಿಂದಾಗಲಿಲ್ಲ.

"ಇಲ್ಲೇ ಇರು, ನಾನು ತರ್ತೀನಿ" ಎಂದು ಅವಳ ಕೈಗೆ ಬಾವುಟ ಕೊಟ್ಟೆ.